ಬ್ಯಾಕ್‌ಗಳೇ ಗೋಲು ಹೊಡೆಯುವ ಊರು

ಹುಮನಾಬಾದಿನ ನಮ್ಮ ಓಣಿಯಲ್ಲಿ ಬಿಸಿಲು ಏರುತ್ತಿದ್ದಂತೆ ಎಲ್ಲರ ಕಾಂಪೌಂಡಿನ ಮೇಲೂ ಮೆಣಸಿನಕಾಯಿ, ಹಪ್ಪಳ, ಹಾಸಿಗೆ ಹೊದಿಕೆಗಳು ಹರಡಿಕೊಂಡರೆ, ಪಕ್ಕದ ಮನೆಯ ಗೋಡೆಯ ಮೇಲೆ ಮಾತ್ರ ಎರಡು ದಪ್ಪ ಪ್ಯಾಡುಗಳು ಮೈ ಕಾಯಿಸಿಕೊಳ್ಳುತ್ತಿದ್ದವು. ಹಾಕಿಯ ಗೋಲ್‌ಕೀಪರ್ ಕಾಲಿಗೆ ಕಟ್ಟುವಂಥವು. ಅವುಗಳಿಂದ ಹೊರಡುವುದನ್ನು ಪರಿಮಳ ಎನ್ನುವುದು ಆ ಶಬ್ದಕ್ಕೆ ಮಾಡುವ ಅಪಚಾರವಾದರೂ, ನಿವೃತ್ತನಾದ ಮೇಲೆ ಬೆಳಗಿನ ಚಹಾದ ಜತೆ ಅದನ್ನೂ ಸೇವಿಸುವುದು ನನಗೆ ರೂಢಿಯಾಗಿತ್ತು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಸರಕಾರ ನಿವೃತ್ತಿ ಕೊಟ್ಟದ್ದು ನನಗೇ ಹೊರತು ಕೋಷ್ಟಕ ಹಾಕುವ ನನ್ನ ಚಟಕ್ಕಲ್ಲ. ಮನೆಗೆ ಬರುವ ನೆಂಟರಲ್ಲಿ ಯಾವ ಕಡೆಯವರು ಯಾವ ಋತುವಿನಲ್ಲಿ ದೀರ್ಘಕಾಲ ತಂಗುತ್ತಾರೆಂದು ಒಮ್ಮೆ ಸರಾಸರಿ ತೆಗೆದು ಹೆಂಡತಿಗೆ ತೋರಿಸಿದ್ದೆ. ಫಲಿತಾಂಶ ನಿರ್ವಿವಾದವಾಗಿತ್ತು, ಆದರೆ ಆ ಸಂಜೆ ಚಹಾ ಸಿಗಲಿಲ್ಲ. ಹೀಗಿರುವಾಗ, ಹೊಸದಾಗಿ ವರ್ಗವಾಗಿ ಬಂದು ಊರಿನ ಹುಡುಗಿಯರ ಹಾಕಿ ತಂಡವನ್ನು ವಹಿಸಿಕೊಂಡ ದೈಹಿಕ ಶಿಕ್ಷಕರು, ಯಾವ ಸ್ಥಾನದವರು, ಯಾವ ಸಾಲಿನವರು ಎಷ್ಟು ಗೋಲು ಹೊಡೆದಿದ್ದಾರೆಂದು ಲೆಕ್ಕ ಹಾಕಿಕೊಡುತ್ತೀರಾ ಎಂದು ಕೇಳಿದಾಗ ನನಗಾದ ಆನಂದವನ್ನು ನೀವೇ ಊಹಿಸಿಕೊಳ್ಳಿ. ಜಿಲ್ಲಾ ತಂಡಕ್ಕೆ ನಮ್ಮಲ್ಲಿಂದ ಒಬ್ಬಳನ್ನಷ್ಟೇ ಆರಿಸುತ್ತಾರಂತೆ. ಭಾನುವಾರ ಬಸವಕಲ್ಯಾಣದ ತಂಡದೊಡನೆ ಪಂದ್ಯ. ಆಯ್ಕೆದಾರರು ಅಲ್ಲಿಗೇ ಬಂದು ಮೊದಲು ಗೋಲಿನ ಲೆಕ್ಕ ಕೇಳುತ್ತಾರಂತೆ. ಗೋಲು ಹೊಡೆದವಳ ಹೆಸರನ್ನು ಮೈದಾನದ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು.

ಆ ಹೆಸರುಗಳನ್ನು ಎಣಿಸಿ ಸಾಲುವಾರು ಜೋಡಿಸಿದೆ. ಗೋಲು ಹೊಡೆಯಲೆಂದೇ ಮುಂದೆ ನಿಲ್ಲುವ ಫಾರ್ವರ್ಡ್ ಸಾಲು ಹೆಚ್ಚುಕಡಿಮೆ ಬರಿದು. ನಡುವಿನ ಹಾಫ್ ಸಾಲಿಗೆ ಅಲ್ಪಸ್ವಲ್ಪ. ಗೋಲು ತಡೆಯಲೆಂದು ಹಿಂದೆ ನಿಲ್ಲುವ ಬ್ಯಾಕ್ ಸಾಲಿಗೆ ಮಾತ್ರ ರಾಶಿ ರಾಶಿ. ಅದರಲ್ಲೂ ನಮ್ಮ ಪಕ್ಕದ ಮನೆಯ ನೂರಜಹಾನ್, ರೈಟ್ ಬ್ಯಾಕ್, ಎಲ್ಲರಿಗಿಂತ ಮೇಲೆ. ಕೊಡಂಬಲದಿಂದ ಬಂದು ಆಡುವ ಸೆಂಟರ್ ಫಾರ್ವರ್ಡ್ ಸುನೀತಾಳ ಹೆಸರು ಹುಡುಕಿದರೂ ಇಲ್ಲ. ಬುದ್ಧಿಯುಳ್ಳವನು ಇಲ್ಲಿ ಬಾಗಿಲನ್ನು ಸಂಶಯಿಸುತ್ತಿದ್ದ. ನಾನು ಹಾಕಿಯನ್ನೇ ಪುನರ್ವ್ಯಾಖ್ಯಾನಿಸಿದೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಬಲವಾಗಿ ಬೀಸಲು ಬ್ಯಾಕ್ ಆಟಗಾರರನ್ನು ಮುಂದೆ ಕರೆಯುವುದುಂಟಷ್ಟೆ. ಆದ್ದರಿಂದ ಹುಮನಾಬಾದಿನ ಹಾಕಿಯು ಪಶ್ಚಾದ್ಭಾಗದಿಂದ ಪ್ರವರ್ತಿಸುತ್ತದೆ ಎಂಬ ಸಿದ್ಧಾಂತವನ್ನು ರಚಿಸಿ ಹೆಂಡತಿಗೆ ಓದಿ ಹೇಳಿದೆ. ನೆಂಟರ ವಿಷಯವಲ್ಲವಾದ್ದರಿಂದ ಅವಳು ತಕರಾರಿಲ್ಲದೆ ಒಪ್ಪಿದಳು.

ಭಾನುವಾರ ತಂಡದೊಡನೆ ನಾನೂ ಬಸವಕಲ್ಯಾಣದ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿದ್ದ ನೂರಜಹಾನ್‌ಗೆ, ನನ್ನ ಕೋಷ್ಟಕದ ಪ್ರಕಾರ ಜಿಲ್ಲಾ ತಂಡದ ಜಾಗ ನಿನ್ನದೇ ಎಂದು ಮೆಲ್ಲಗೆ ಹೇಳಿದೆ. ಮುಖ ಅರಳಿತು. ಆಮೇಲೆ ರಾಜೇಶ್ವರ ಊರು ದಾಟುವವರೆಗೂ ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತ ಕೂತವಳು ಹಿಂದಕ್ಕೆ ತಿರುಗಿದಳು.

“ಸರ್, ಅವು ನಾ ಹೊಡ್ದ ಗೋಲ್ ಅಲ್ರಿ. ನಾ ಬರೇ ಚೀಲ ಒಯ್ದೀನ್ರಿ.”

ಸಂಗತಿ ಇಷ್ಟೇ. ಶೆಡ್ಡಿನಲ್ಲಿ ಇಲಿಗಳ ಕಾಟ. ಪ್ಯಾಡಿನ ಚೀಲವನ್ನು ರಾತ್ರಿ ಅಲ್ಲಿಡುವಂತಿಲ್ಲ. ಗೋಲು ಹೊಡೆದವಳ ತಲೆ ತಿರುಗಬಾರದೆಂದು, ಚೀಲವನ್ನು ಅವಳೇ ಮನೆಗೆ ಒಯ್ದು ಪ್ಯಾಡು ಒಣಗಿಸಿ ತರಬೇಕೆಂದು ಹಿಂದಿನ ಶಿಕ್ಷಕರು ನಿಯಮ ಮಾಡಿದ್ದರು. ಚೀಲ ಯಾರ ಮನೆಯಲ್ಲಿದೆಯೆಂದು ಕೀಪರಿಗೆ ತಿಳಿಯಲಿ ಎಂದು ಬಾಗಿಲ ಮೇಲೆ ಚೀಲ ಒಯ್ದವಳ ಹೆಸರು. ಆದರೆ ಗೋಲು ಹೊಡೆಯುವವರೆಲ್ಲ ಊರಾಚೆಯವರು.

“ಸುನೀತಾ ಗೋಲ್ ಹೊಡೀತಾಳ, ಆಟ ಮುಗದ ಕೂಡ್ಲೇ ಬಸ್‌ಸ್ಟ್ಯಾಂಡಿಗಿ ಓಡ್ತಾಳ್ರಿ,” ಎಂದಳು. “ಕೊಡಂಬಲದ ಬಸ್ ತಪ್ಪಿತಂದ್ರ ಅವರಪ್ಪ ಆಟಾನೇ ಬಿಡಸ್ತಾನ. ನಮ್ಮನಿ ಮೈದಾನದ ಬಾಜೂಕೇ ಅದಲ್ರಿ, ಅದಕ್ಕ ನಾ ಒಯ್ತೀನಿ.”

ನಿರ್ಣಾ, ಬೇಮಳಖೇಡದ ಹುಡುಗಿಯರ ಗೋಲುಗಳೂ ಇದೇ ರೀತಿ ಊರೊಳಗಿನ ಬ್ಯಾಕ್, ಹಾಫ್‌ಗಳ ಹೆಗಲೇರಿದ್ದವು. ನನ್ನ ಕೋಷ್ಟಕ ಅಳೆದದ್ದು ಆಟಗಾರ್ತಿಯರ ಪರಾಕ್ರಮವನ್ನಲ್ಲ, ಮೈದಾನದಿಂದ ಅವರ ಮನೆಗಿರುವ ದೂರವನ್ನು. ಸುಮ್ಮನಿದ್ದಿದ್ದರೆ ಜಾಗ ನಿನಗೇ ಸಿಗುತ್ತಿತ್ತಲ್ಲ, ಆಸೆ ಇರಲಿಲ್ಲವೇ ಎಂದು ಕೇಳಿದೆ.

“ಆಸಿ ಇಲ್ಲಂತಲ್ರಿ ಸರ್,” ಎಂದಳು, “ಅಲ್ಲಿ ಒಯ್ದು ನಿಲ್ಸಿ, ಗೋಲ್ ಹೊಡಿ ಅಂದ್ರ ಏನ್ ಮಾಡ್ಲಿ?”

ಶಿಕ್ಷಕರಿಗೆ ಎಲ್ಲವನ್ನೂ ಹೇಳಿದೆ. ಲೆಕ್ಕ ತಪ್ಪಾಗಿದೆ, ದಯವಿಟ್ಟು ಆಟವನ್ನೇ ನೋಡಿ ಎಂದು ಅವರು ಆಯ್ಕೆದಾರರನ್ನು ಕೇಳಿಕೊಂಡರು. ಬಸವಕಲ್ಯಾಣದ ಆ ಮೈದಾನದಲ್ಲಿ, ಎಣಿಸಲು ಏನೂ ಇಲ್ಲದೆ ಕೂತ ನಾನು ಬಹುಶಃ ಮೊದಲ ಬಾರಿಗೆ ಒಂದು ಆಟವನ್ನು ನೋಡಿದೆ. ಎದುರಾಳಿಯ ಕಾಲಡಿಯಿಂದ ಚೆಂಡನ್ನು ಕಸಿದು ನೂರಜಹಾನ್ ಹಾಫ್‌ಗೆ ದಾಟಿಸಿದಳು. ಅಲ್ಲಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ. ಸುನೀತಾ ಬಾಗಿ ತಳ್ಳಿದಳು, ಗೋಲಾಯಿತು. ಆಯ್ಕೆಯಾದವಳೂ ಸುನೀತಾಳೇ. ನ್ಯಾಯವೇ ಆಯಿತು. ಆದರೂ ಚೆಂಡನ್ನು ಮೊದಲು ಬಿಡಿಸಿಕೊಂಡವಳಿಗೆ ಯಾವ ಕೋಷ್ಟಕದಲ್ಲೂ ಒಂದು ಮನೆಯಿಲ್ಲವಲ್ಲ ಎಂದು ನನಗೆ ಅಂದೂ ಬೇಸರವಾಯಿತು, ಇಂದೂ ಆಗುತ್ತದೆ.

ಹುಮನಾಬಾದಿಗೆ ಮರಳಿದಾಗ ಸುನೀತಾ ಎಂದಿನಂತೆ ತನ್ನ ಬಸ್ಸಿಗೆ ಓಡಿದಳು. ನೂರಜಹಾನ್ ಎಂದಿನಂತೆ ಚೀಲಕ್ಕೆ ಕೈ ಚಾಚಿದಳು. ಅವಳಿಗಿಂತ ಮೊದಲು ನಾನು ಅದನ್ನು ಹೆಗಲಿಗೇರಿಸಿದೆ. ಅಷ್ಟು ಭಾರವೆಂದು ಗೊತ್ತಿದ್ದರೆ ಒಂದು ಅಭಿನಂದನಾ ಭಾಷಣದಲ್ಲೇ ಮುಗಿಸುತ್ತಿದ್ದೆ.

ಈಗ ಪ್ಯಾಡುಗಳು ಒಣಗುವುದು ನಮ್ಮ ಗೋಡೆಯ ಮೇಲೆ. ಹೆಂಡತಿಯ ಮೆಣಸಿನಕಾಯಿ ಮಾಳಿಗೆಗೆ ವಲಸೆ ಹೋಗಿದೆ. ಚಹಾ ಸದ್ಯಕ್ಕೆ ಸಿಗುತ್ತಿದೆ. ಹೊರೆ ತಪ್ಪಿದ ನೂರಜಹಾನ್ ಆಟ ಮುಗಿದ ಮೇಲೂ ಮೈದಾನದಲ್ಲೇ ಉಳಿದು ಪೆನಾಲ್ಟಿ ಕಾರ್ನರ್ ಹೊಡೆಯುವುದನ್ನು ಕಲಿಯುತ್ತಿದ್ದಾಳೆ. ನನ್ನ ಸಿದ್ಧಾಂತ ಮುಂದೊಮ್ಮೆ ನಿಜವಾದರೂ ಆದೀತು. ಅಲ್ಲಿಯವರೆಗೆ ಶೆಡ್ಡಿನ ಬಾಗಿಲ ಮೇಲೆ ಅವಳ ಕೈಬರಹದಲ್ಲಿ ದಿನವೂ ನನ್ನ ಹೆಸರೇ ಬೀಳುತ್ತಿದೆ. ನನ್ನಂಥ ಇನ್ನೊಬ್ಬ ಪಂಡಿತ ಬಂದು ಎಣಿಸಿದರೆ, ಹುಮನಾಬಾದಿನ ಹುಡುಗಿಯರ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ನಾನೇ.