ಗಾರ್ಬರ್ ಕಟ್ಟಡದ ಉತ್ತರದ ಗೋಡೆ

ನಮ್ಮ ಮಾರ್ನೆಟ್ ಊರಿನ ಮುಖ್ಯ ಬೀದಿಯಲ್ಲಿ ಹನ್ನೊಂದು ಇಟ್ಟಿಗೆ ಕಟ್ಟಡಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಅವುಗಳಲ್ಲಿ ಒಂಬತ್ತಕ್ಕೆ ಗಾರೆ ಕೆಲಸದ ಆಲ್ವಿನ್ ಟೀಸ್ ಒಂದಲ್ಲ ಒಂದು ಸಲ ಕರಣೆ ಹಿಡಿದಿದ್ದಾನೆ. ಎಲ್ಲೋ ಹೊಗೆಗೂಡು ಎತ್ತಿದ, ಎಲ್ಲೋ ಕಿಟಕಿಯ ಕಮಾನು ಜಾರಿದ್ದನ್ನು ಕೂರಿಸಿದ. ಆದರೆ ಅವನ ಬಗ್ಗೆ ಹೇಳಬೇಕೆಂದರೆ ಮೂಲೆಯ ಗಾರ್ಬರ್ ಕಟ್ಟಡದ ಉತ್ತರದ ಗೋಡೆಯಿಂದಲೇ ಶುರುಮಾಡಬೇಕು. ಆ ಒಂದು ಗೋಡೆ ಅವನ ಅರ್ಧ ಆಯುಸ್ಸು ತಿಂದಿದೆ.

ಆ ಕಟ್ಟಡ ನನಗೂ ದೂರದ್ದಲ್ಲ. ಮೂರು ಅಂತಸ್ತು, ನೆತ್ತಿಯ ಮೇಲೆ ತಗಡಿನ ಕುಸುರಿ ಸೂರು, ಮೇಲೆ ಹಿಂದೊಮ್ಮೆ ಜನ ಕುಣಿಯುತ್ತಿದ್ದ ದೊಡ್ಡ ಹಜಾರ. ಕೆಳಗಿನ ಮಳಿಗೆಯಲ್ಲಿ ಮೂವತ್ತೆರಡು ವರ್ಷ ತಿಂಡಿ ಹೋಟೆಲು ನಡೆಸಿದವಳು ನಾನು. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಂಟು ಸುತ್ತುವ ಸ್ಟೂಲುಗಳೇ. ಇನ್ನೂ ಒಂದು ನಂಟಿತ್ತು. ೧೮೯೩ರಲ್ಲಿ ಆ ಕಟ್ಟಡಕ್ಕೆ ಇಟ್ಟಿಗೆ ಸುಟ್ಟುಕೊಟ್ಟವನು ನನ್ನ ತಾತ ಏಮಸ್ ಸ್ಟ್ರೌಡ್. ಹೊಳೆಯಾಚೆಯ ಜೇಡಿಮಣ್ಣು ತೆಗೆದು, ಅಚ್ಚು ಹಾಕಿ, ಎಂಟು ಹಗಲು ಎಂಟು ರಾತ್ರಿ ಓಕ್ ಸೌದೆಯಲ್ಲಿ ಬೇಯಿಸುತ್ತಿದ್ದನಂತೆ.

ಆ ಇಟ್ಟಿಗೆಗೆ ನನ್ನ ಕಾಲಕ್ಕೆ ಕೆಟ್ಟ ಹೆಸರು ಬಂದಿತ್ತು. ಪ್ರತಿ ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ನಾನು ಪೊರಕೆ, ಮೊರ ಹಿಡಿದು ಪಕ್ಕದ ಬೀದಿಗೆ ಹೋದರೆ ಉತ್ತರದ ಗೋಡೆಯ ಬುಡದಲ್ಲಿ ಕೆಂಪು ಪುಡಿ ರಾಶಿ ಬಿದ್ದಿರುತ್ತಿತ್ತು. ಬಿಸಿಲು ಕಾಣದ ಗೋಡೆ ಅದು. ಇಟ್ಟಿಗೆಗಳ ಮುಖ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಉದುರುತ್ತಿತ್ತು. ಮೊದಲು ಒಂದು ಮೊರ, ಆಮೇಲೆ ಎರಡು, ಕೊನೆಕೊನೆಗೆ ಒಂದು ಬಕೆಟ್ಟು. "ಸ್ಟ್ರೌಡ್ ಅರೆಬರೆ ಬೇಯ್ಸಿದ್ದಾನೆ" ಎಂದು ಊರು ತೀರ್ಮಾನಿಸಿಬಿಟ್ಟಿತು. ನನ್ನ ಹೋಟೆಲಿನಲ್ಲೇ ಕೂತು, ನನ್ನ ಕಾಫಿ ಕುಡಿಯುತ್ತಲೇ ಹಾಗೆನ್ನುತ್ತಿದ್ದರು.

ಆ ಸ್ಟೂಲುಗಳಲ್ಲಿ ಕೊನೆಯದು ಆಲ್ವಿನನದು. ರೈತನ ಮೂರನೆಯ ಮಗ, ಪಾಲಿಗೆ ಹೊಲ ಬರುವುದಿಲ್ಲವೆಂದು ಹದಿನಾರಕ್ಕೆ ಸೋದರಮಾವನ ಹತ್ತಿರ ಗಾರೆ ಕೆಲಸಕ್ಕೆ ಸೇರಿದವನು. ಮದುವೆಯಾಗಲಿಲ್ಲ, ತಾಯಿಯನ್ನು ನೋಡಿಕೊಂಡಿದ್ದ. ಮಾತು ಕಡಿಮೆ. ಅಂಗೈ ನೋಡಿದರೆ ಒಣಗಿದ ಕೆರೆಯ ತಳ. ಪ್ರತಿದಿನ ಹತ್ತು ಗಂಟೆಗೆ ಬಂದು ಕಪ್ಪು ಕಾಫಿ, ಒಂದು ತುಂಡು ಹುಳಿ ಚೆರ್ರಿ ಪೈ ತಿಂದು, ಬೆರಳಿನಿಂದ ತಟ್ಟೆಯ ಪುಡಿ ಒತ್ತಿ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ. ಇಟ್ಟಿಗೆಯ ಮಾತು ಬಂದಾಗಲೆಲ್ಲ ಅವನು ತಟ್ಟೆ ನೋಡುತ್ತಾ ಕೂರುತ್ತಿದ್ದ. ನನ್ನ ಮೇಲಿನ ಮರ್ಯಾದೆಗೆ ಎಂದುಕೊಂಡಿದ್ದೆ.

೧೯೯೭ರ ಮಾರ್ಚಿನಲ್ಲಿ ಜಿಲ್ಲೆಯಿಂದ ಇಂಜಿನಿಯರು ಬಂದು ಗೋಡೆಯನ್ನು ತಟ್ಟಿ ಕುಟ್ಟಿ ನೋಡಿ, ಇದು ನಿಲ್ಲುವ ಗೋಡೆಯಲ್ಲ ಎಂದು ಬರೆದುಕೊಟ್ಟ. ಅಗ್ನಿಶಾಮಕ ದಳದ ಹಜಾರದಲ್ಲಿ ಊರ ಸಭೆ ಸೇರಿತು. ಮೇಯರ್ ರೋಲಂಡ್ ಪ್ರೂಟ್ ಟ್ರಾಕ್ಟರ್ ಮಾರುವವನು, ಮಾತೂ ಮಾರುತ್ತಿದ್ದ. ಕಟ್ಟಡ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡೋಣವೆಂದ.

"ನೋಡ್ರಪ್ಪ, ಸ್ಟ್ರೌಡ್ ಇಟ್ಟಿಗೆ ಅಂದ್ರೆ ಬಿಸ್ಕತ್ತು. ಹಾಲಲ್ಲಿ ಅದ್ದಿದ್ರೆ ಕರಗುತ್ತೆ. ವಿಯೋಲಾ, ನೀನು ಬೇಜಾರು ಮಾಡ್ಕೋಬೇಡಮ್ಮ."

"ಬೇಜಾರೇನಿಲ್ಲ ರೋಲಂಡ್. ನಿಮ್ಮಜ್ಜ ಕುಡಿದು ಬಿದ್ದು ತಲೆ ಒಡ್ಕೊಂಡಿದ್ದು ಅದೇ ಬಿಸ್ಕತ್ತಿಗೆ ತಾನೆ?" ಎಂದೆ.

ಜನ ನಕ್ಕರು. ನಗು ಇಳಿದಾಗ ಹಿಂದಿನ ಸಾಲಿನಲ್ಲಿ ಆಲ್ವಿನ್ ಎದ್ದು ನಿಂತಿದ್ದ, ಟೋಪಿಯನ್ನು ಹಿಂಡಿ ಹಗ್ಗ ಮಾಡಿಕೊಂಡು.

"ತಪ್ಪು ಇಟ್ಟಿಗೇದಲ್ಲ," ಎಂದ. "ನಂದು."

ಅವನು ಅಷ್ಟು ಮಾತಾಡಿದ್ದನ್ನು ಊರು ಅದೇ ಮೊದಲು ಕೇಳಿದ್ದು. "ಗೋಡೆಗೂ ಬೆವರು ಇರುತ್ತೆ. ಹಳೇ ಸುಣ್ಣದ ಗಾರೆ ಮೆದು, ಬೆವರೆಲ್ಲ ಇಟ್ಟಿಗೆ ಸಂದೀಲಿ ಆಚೆ ಹೋಗ್ತಿತ್ತು. ಐವತ್ತೇಳರಲ್ಲಿ ಆ ಗೋಡೆ ಸಂದಿಗೆಲ್ಲ ಸಿಮೆಂಟು ತುಂಬಿದೋನು ನಾನು. ಗಟ್ಟಿ ಇದ್ದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ. ಗೋಡೆ ಬಾಯಿ ಹೊಲಿದುಬಿಟ್ಟೆ. ನೀರು ಇಟ್ಟಿಗೆ ಒಳಗೇ ಕೂತ್ಕೊಂಡು, ಚಳೀಲಿ ಹೆಪ್ಪುಗಟ್ಟಿ, ಮುಖ ಕಿತ್ಕೊಂಡು ಆಚೆ ಬರ್ತಿದೆ. ಏಮಸ್ ಸ್ಟ್ರೌಡ್ ಚೆನ್ನಾಗೇ ಬೇಯ್ಸಿದ್ದ."

ಐವತ್ತೇಳರ ಆ ಕೆಲಸ ನನಗೆ ನೆನಪಿತ್ತು. ಇಪ್ಪತ್ತನಾಲ್ಕರ ಹುಡುಗ, ಮೊದಲ ಸಲ ಮಾವನ ನೆರಳಿಲ್ಲದೆ ಒಪ್ಪಿಕೊಂಡ ಗೋಡೆ. ಸಂದಿಗಳು ಗೆರೆ ಎಳೆದಂತಿದ್ದವು. ಊರ ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು.

"ಯಾವಾಗ ಗೊತ್ತಾಯ್ತು ನಿಂಗಿದು?" ಎಂದು ಕೇಳಿದವಳು ನಾನೇ.

"ಎಂಬತ್ತೊಂದರಲ್ಲಿ. ಬೇರೆ ಊರಲ್ಲಿ ಕೋರ್ಟಿನ ಕಟ್ಟಡದ ಕೆಲಸಕ್ಕೆ ಹೋಗಿದ್ದೆ. ಅಲ್ಲೊಬ್ಬ ಮುದುಕ ಮೇಸ್ತ್ರಿ ಹೇಳ್ಕೊಟ್ಟ."

ಹದಿನಾರು ವರ್ಷ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ನಾನು ಕೋಟು ಹಾಕಿಕೊಂಡು ಮನೆಗೆ ಬಂದೆ. ನಾನು ಬಂದ ಮೇಲೆ ಸಭೆಯಲ್ಲಿ ಅವನು ಇನ್ನೊಂದು ಮಾತು ಹೇಳಿದನಂತೆ: ಮೂರು ಬೇಸಿಗೆ ಕೊಡಿ, ಸಿಮೆಂಟೆಲ್ಲ ಕಿತ್ತು ಸುಣ್ಣ ತುಂಬಿಕೊಡುತ್ತೇನೆ, ನನಗೇನೂ ಕೊಡಬೇಡಿ. ಮೂರು ಬೇಸಿಗೆ ಆದ ಮೇಲೂ ಗೋಡೆ ಉದುರಿದರೆ ಕೆಡವಿ. ರೋಲಂಡ್ ಒಪ್ಪಿದ. ಅರವತ್ತನಾಲ್ಕರವನು ಆ ಗೋಡೆ ಮುಗಿಸುವುದಿಲ್ಲವೆಂದು ಅವನಿಗೆ ಧೈರ್ಯವಿತ್ತು.

ಮಾರನೆಯ ದಿನ ಹತ್ತಕ್ಕೆ ಆಲ್ವಿನ್ ಬಂದು ಕೊನೆಯ ಸ್ಟೂಲಿನಲ್ಲಿ ಕೂತ. ಕಾಫಿ ಇಟ್ಟೆ. ಅವನು ಕಾದ.

"ಪೈ ಇಲ್ವಾ?"

"ಇದೆ."

"ಮತ್ತೆ?"

"ಇದೆ, ನಿಂಗಿಲ್ಲ."

ನನ್ನ ಜೊತೆ ಕೆಲಸಕ್ಕಿದ್ದ ಓಪಲ್‌ಗೆ ಬಾಯಿ ಸುಮ್ಮನಿರದು. "ಹದಿನಾರು ವರ್ಷದ ಪೈ ಹೊಟ್ಟೇಲಿ ಇದೆಯಲ್ಲಪ್ಪ, ಅದನ್ನೇ ಮೆಲುಕು ಹಾಕು" ಎಂದಳು.

ಅವನು ಕಾಫಿ ಮುಗಿಸಿ, ಕಪ್ಪಿನ ತಳ ನೋಡುತ್ತಾ, "ಹೇಳಿದ್ರೆ ಯಾರು ಕೆಲಸ ಕೊಡ್ತಾರೆ ಅಂತ ಹೆದರಿದೆ ವಿಯೋಲಾ. ಅಮ್ಮ ಹಾಸಿಗೆ ಹಿಡಿದಿದ್ಲು. ಆಮೇಲೆ ಅಮ್ಮ ಹೋದ್ಲು, ಹೆದರಿಕೆ ಮಾತ್ರ ಉಳ್ಕೊಳ್ತು" ಎಂದ. ನಾನು ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅವನು ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ. ಬರೀ ಕಾಫಿ.

ಮೇ ತಿಂಗಳಲ್ಲಿ ಹತ್ತಿ ನಿಂತು ಕೆಲಸ ಮಾಡಲು ಗೋಡೆಗೆ ಮರದ ಸಾರುವೆ ಕಟ್ಟಿದ. ಅಷ್ಟರೊಳಗೆ ತನ್ನ ಮನೆಯ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿ, ಮೇಲೆ ನೀರು ನಿಲ್ಲಿಸಿ ಮಾಗಲು ಬಿಟ್ಟಿದ್ದ. ಮಾಗಿದ ಸುಣ್ಣ ಬೆಣ್ಣೆಯ ಹಾಗಿರಬೇಕಂತೆ. ಮರಳನ್ನು ನಮ್ಮ ಹೊಳೆಯಿಂದಲೇ ತಂದ, ಹಳೆಯ ಗಾರೆಯ ಬಣ್ಣ ಬರಲೆಂದು. ಆಮೇಲೆ ಉಳಿ, ಸಣ್ಣ ಸುತ್ತಿಗೆ. ಮೆಷಿನ್ ಹಚ್ಚಿದರೆ ಇಟ್ಟಿಗೆಯ ಅಂಚು ಒಡೆಯುತ್ತದೆಂದು ಕೈಯಿಂದಲೇ ಟಕ್ ಟಕ್. ತಾನೇ ಅಷ್ಟು ಗಟ್ಟಿಯಾಗಿ ತುಂಬಿದ್ದ ಸಿಮೆಂಟು, ಬೆರಳುದ್ದ ಕೀಳಲು ಕಾಲು ಗಂಟೆ. ತುಂಬಿದ ಭಾಗ ಬೇಗ ಒಣಗಬಾರದೆಂದು ಒದ್ದೆ ಗೋಣಿ ಇಳಿಬಿಡುತ್ತಿದ್ದ. ಓಪಲ್ ಬಾಗಿಲಲ್ಲಿ ನಿಂತು ಕೂಗುವಳು: "ಬಟ್ಟೆ ಒಣಗಿತಾ ಆಲ್ವಿನ್? ಇಸ್ತ್ರೀನೂ ನೀನೇ ಮಾಡ್ತೀಯಾ?"

ಜೂನಿನಲ್ಲಿ ಒಂದು ಮಧ್ಯಾಹ್ನ ಕಿಟಕಿ ಬಡಿದು ನನ್ನನ್ನು ಹೊರಗೆ ಕರೆದ. ಕೈಯಲ್ಲಿ ಒಂದು ಇಟ್ಟಿಗೆ. ಒಂದು ಬದಿ ಕುಷ್ಠ ಹಿಡಿದಂತೆ ತಿಂದುಹೋಗಿತ್ತು. ಅದನ್ನು ತಿರುಗಿಸಿ ನನ್ನ ಕೈಯಲ್ಲಿಟ್ಟ. ನೂರು ವರ್ಷ ಗೋಡೆಯ ಒಳಗಡೆ ಕತ್ತಲಲ್ಲಿದ್ದ ಮುಖ. ಮಾಗಿದ ಟೊಮೆಟೊ ಬಣ್ಣ, ಒಂದು ಬಿರುಕಿಲ್ಲ, ಅಚ್ಚಿನ ಮರದ ಗೆರೆ ಕೂಡ ಕಾಣುತ್ತಿತ್ತು. ಅವನು ಕರಣೆಯ ಹಿಡಿಯಿಂದ ತಟ್ಟಿದ. ಗಂಟೆಯ ಹಾಗೆ ಠಣ್ ಎಂದಿತು.

"ಅರೆಬೆಂದಿದ್ದು ಹಿಂಗೆ ಕೂಗಲ್ಲ," ಎಂದ. "ಕೆಟ್ಟಿರೋದನ್ನೆಲ್ಲ ಹೀಗೇ ಹಿಂದು ಮುಂದು ಮಾಡಿ ಕೂರಿಸ್ತೀನಿ."

ತಾತನ ಕೈ ನಾನು ಕಂಡದ್ದಿಲ್ಲ. ಅಚ್ಚಿನ ಆ ಗೆರೆಯ ಮೇಲೆ ಬೆರಳಾಡಿಸಿದೆ. ಆಮೇಲೆ, "ಕೈ ತೊಳ್ಕೊಂಡು ಒಳಗೆ ಬಾ" ಎಂದೆ. ಪೈ ದೊಡ್ಡ ತುಂಡೇ ಕೊಯ್ದೆ. ಅವನು ಪುಡಿಯನ್ನೂ ಬಿಡದೆ ತಿಂದ. ಓಪಲ್, "ಅಬ್ಬಾ, ಯುದ್ಧ ಮುಗೀತು" ಎಂದಳು.

ಎರಡನೆಯ ಬೇಸಿಗೆಯಲ್ಲಿ ಇನ್ನೊಂದು ಪೇಚು. ಎರಡೂ ಮುಖ ಹೋದ ಇಟ್ಟಿಗೆಗಳು ಮುನ್ನೂರರಷ್ಟು ಸಿಕ್ಕವು. ಹೊಸ ಇಟ್ಟಿಗೆ ಗಟ್ಟಿ, ಹೊಂದುವುದಿಲ್ಲ. ತಾತನ ಭಟ್ಟಿ ಮುಚ್ಚಿ ಅರವತ್ತು ವರ್ಷವಾಗಿತ್ತು. ಆಲ್ವಿನ್ ಎರಡು ದಿನ ಸಾರುವೆ ಹತ್ತಲಿಲ್ಲ. ಮೂರನೆಯ ದಿನ ನಾನೇ ಹೇಳಿದೆ, "ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕೋಣೆ ಇದೆಯಲ್ಲ, ತಾತ ತನ್ನ ಇಟ್ಟಿಗೇಲೇ ಕಟ್ಟಿದ್ದು. ಬಿಚ್ಕೋ."

"ಮತ್ತೆ ಬಟ್ಟೆ ಎಲ್ಲಿ ಒಗೀತೀಯ?"

"ಮೆಷಿನ್ ಬಂದು ಮೂವತ್ತು ವರ್ಷ ಆಯ್ತು ಕಣೋ. ಅಲ್ಲಿರೋದು ಬರೀ ಜೇಡ. ಅವಕ್ಕೆ ಬೇರೆ ಮನೆ ನೋಡ್ಕೊಳ್ಳಕ್ಕೆ ಹೇಳ್ತೀನಿ."

ಇಬ್ಬರೂ ಸೇರಿ ಬಿಚ್ಚಿದೆವು. ನಾನು ಕೂತು ಹಳೆಯ ಗಾರೆ ಕೆರೆದು ಕೊಡುತ್ತಿದ್ದೆ. ಮೆದು ಗಾರೆ, ಚಾಕುವಿಗೇ ಬಿಡುತ್ತಿತ್ತು.

ಮೂರನೆಯ ಬೇಸಿಗೆಗೆ ಅವನ ಮೊಣಕಾಲು ಹೋಗಿತ್ತು. ಏಣಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟವೆಂದು ಬುತ್ತಿ ಮೇಲಕ್ಕೇ ಒಯ್ಯುತ್ತಿದ್ದ. ಹತ್ತು ಗಂಟೆಗೆ ನಾನು ಕಾಫಿ, ಪೈ ಬಕೆಟ್ಟಿನಲ್ಲಿಟ್ಟರೆ ಹಗ್ಗದಲ್ಲಿ ಸೇದಿಕೊಳ್ಳುವನು. ಆಗಸ್ಟಿನಲ್ಲೊಮ್ಮೆ ಬಗ್ಗಿದಾಗ ಅಂಗಿಯ ಗುಂಡಿ ಕಿತ್ತು ಕೆಳಗೆ ಬಿತ್ತು, ಹುಡುಕಿದರೂ ಸಿಗಲಿಲ್ಲ. ಓಪಲ್ ಬಿಟ್ಟಾಳೆಯೇ? "ಮೂರಂತಸ್ತು ಗೋಡೆ ಹೊಲೀತಾನೆ, ಒಂದು ಗುಂಡಿ ಹೊಲಿಯೋರಿಲ್ಲ ಪಾಪ" ಎಂದು ಬೀದಿಗೆಲ್ಲ ಕೇಳುವಂತೆ ಅಂದಳು. ಅವನು ಆ ಅಂಗಿಗೆ ಪಿನ್ನು ಚುಚ್ಚಿಕೊಂಡೇ ಸೆಪ್ಟೆಂಬರಿನಲ್ಲಿ ಸೂರಿನ ಕೆಳಗಿನ ಕೊನೆಯ ಸಂದಿ ತುಂಬಿದ.

ಇಂಜಿನಿಯರು ಬಂದು ನೋಡಿ, "ಚೆನ್ನಾಗಿದೆ. ಆದ್ರೆ ಒಂದು ಚಳಿಗಾಲ ಕಳೀಲಿ, ಆಮೇಲೆ ಬರೀತೀನಿ" ಎಂದ.

ಆ ಚಳಿಗಾಲ ಕೆಟ್ಟದಾಗಿಯೇ ಇತ್ತು. ಹೊಳೆ ತಳದವರೆಗೆ ಕಲ್ಲಾಯಿತು. ಆಲ್ವಿನ್ ದಿನಾ ಪಕ್ಕದ ಬೀದಿಯಿಂದಲೇ ಬರುತ್ತಿದ್ದ, ಆದರೆ ಗೋಡೆಯ ಕಡೆ ತಲೆ ಎತ್ತುತ್ತಿರಲಿಲ್ಲ. ಕಾಯಿಲೆಯವರ ಮುಖ ನೋಡಲು ಹೆದರುವವರ ಹಾಗೆ.

ಮಾರ್ಚಿನಲ್ಲಿ ಹಿಮ ಕರಗಿತು. ಇಂಜಿನಿಯರು ಬರುವ ದಿನ ಬೆಳಿಗ್ಗೆ ನಾನು ಎಂದಿನಂತೆ ಪೊರಕೆ, ಮೊರ ಹಿಡಿದು ಹೋದೆ. ಗೋಡೆಯ ಉದ್ದಕ್ಕೂ, ಮೂಲೆ ಮೂಲೆಯನ್ನೂ ಬಿಡದೆ ಗುಡಿಸಿದೆ. ತಿರುಗಿದರೆ ಆಲ್ವಿನ್ ಬೀದಿಯಾಚೆ ನಿಂತಿದ್ದ.

"ಏನ್ ಸಿಕ್ತು?" ಎಂದು ಅಲ್ಲಿಂದಲೇ ಕೇಳಿದ.

"ಬಂದು ನೋಡು."

ಬಂದ. ಮೊರದಲ್ಲಿ ಎರಡು ಸಿಗರೇಟಿನ ತುಂಡು, ಒಂದಿಷ್ಟು ಒಣಗಿದ ಮೇಪಲ್ ಎಲೆ, ಒಂದು ಬಿಳಿ ಗುಂಡಿ. ಕೆಂಪಿನ ಚೂರೂ ಇಲ್ಲ. ಅವನು ಬೆರಳು ಹಾಕಿ ಎಲೆ ಸರಿಸಿ ನೋಡಿದ, ಮತ್ತೆ ಸರಿಸಿ ನೋಡಿದ. ಆಮೇಲೆ ಗುಂಡಿ ಎತ್ತಿಕೊಂಡ.

"ಇದು ನಂದು," ಎಂದ.

"ಒಳಗೆ ಬಾ, ಆ ಪಿನ್ನು ಚುಚ್ಚಿರೋ ಅಂಗಿ ಬಿಚ್ಚಿ ಕೊಡು," ಎಂದೆ.

ಇಂಜಿನಿಯರು ಬಂದಾಗ ಆಲ್ವಿನ್ ಬನಿಯನ್ನಿನಲ್ಲಿ ಕೊನೆಯ ಸ್ಟೂಲಿನ ಮೇಲೆ ಕೂತು ಪೈ ತಿನ್ನುತ್ತಿದ್ದ, ಅಂಗಿ ನನ್ನ ಮಡಿಲಲ್ಲಿತ್ತು. ಆ ಮನುಷ್ಯ ಅರ್ಧ ಗಂಟೆ ಗೋಡೆಯನ್ನು ಸವರಿ, ತಟ್ಟಿ, ಒಳಗೆ ಬಂದು ಗೋಡೆ ನಿಲ್ಲದು ಎಂದು ತಾನೇ ಬರೆದಿದ್ದ ಹಳೆಯ ಕಾಗದದ ಮೇಲೆ ಅಡ್ಡಗೆರೆ ಎಳೆದು, "ನನಗೂ ಒಂದು ತುಂಡು ಕೊಡಿ" ಎಂದ. ನಾನು ದಾರ ಕಡಿದು ಎದ್ದೆ.