ಊದಿಕೊಂಡ ಮೊಗ್ಗು

ಸುಮತಿ ಅಕ್ಕಾ, ನಿಮ್ಮ ಎರಡು ಬೆರಳುಗಳ ಸ್ಪರ್ಶ ಹೋದದ್ದು ನೀವು ಬಿದ್ದದ್ದರಿಂದಲ್ಲ — ನನ್ನ ಸೂಜಿಯಿಂದ. ಅದು ನನಗೆ ಅಂದೇ ಗೊತ್ತಿತ್ತು.

ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ನೀವು ಕಾರ್ಕಳದ ನಮ್ಮ ಸಣ್ಣ ಆಸ್ಪತ್ರೆಗೆ ಬಂದಾಗ ನಾನು ಹೊಸ ಅರಿವಳಿಕೆ ವೈದ್ಯ. ಅಲ್ಟ್ರಾಸೌಂಡ್ ಪರದೆಯಲ್ಲಿ ನರ ನೋಡಿಕೊಂಡು ತೋಳನ್ನಷ್ಟೇ ಮರಗಟ್ಟಿಸುವ ವಿದ್ಯೆಯ ಹುಚ್ಚು ನನಗೆ. ಯಾರೂ ಕೈಹಿಡಿದು ಕಲಿಸಿರಲಿಲ್ಲ. ಮಣಿಪಾಲದ ಬಾಡಿಗೆ ರೂಮಿನಲ್ಲಿ ವಿಡಿಯೊ ನೋಡಿದ್ದೆ, ಕೋಳಿಮಾಂಸದ ತುಂಡಿಗೆ ಚುಚ್ಚಿ ನೋಡಿದ್ದೆ — ಅಷ್ಟೇ.

ನಿಮ್ಮ ಕೊರಳೆಲುಬಿನ ಮೇಲೆ ಅಲ್ಟ್ರಾಸೌಂಡಿನ ಪ್ರೋಬ್ ಇಟ್ಟಾಗ ನರಗಳು ಕಪ್ಪು ಚುಕ್ಕೆಗಳ ಗೊಂಚಲಾಗಿ ಕಂಡವು.

"ಅಯ್ಯೋ ಡಾಕ್ಟ್ರೆ, ನನ್ನ ಒಳಗೂ ಮೊಗ್ಗೇ ಉಂಟಾ ಮಾರಾಯ್ರೆ!" ಶಂಕರಪುರದಲ್ಲಿ ದಿನವಿಡೀ ಮಲ್ಲಿಗೆ ಕಟ್ಟುವ ನೀವು ನಕ್ಕಿರಿ.

"ಎಂತ, ವಿಡಿಯೊ ಇನ್ನೂ ಮುಗಿಯಲಿಲ್ವಾ?" ಬಾಗಿಲಲ್ಲಿ ಸರ್ಜನ್ ಕೆಣಕಿದರು.

ಸೂಜಿಯ ತುದಿ ಪರದೆಯಿಂದ ಮರೆಯಾಯಿತು. ತುದಿ ಕಾಣದಿದ್ದರೆ ನಿಲ್ಲಬೇಕು, ಅದು ಮೊದಲ ಪಾಠ. ನಾನು ಮುಂದೆ ಹೋದೆ.

"ಆಹ್! ಕಿರುಬೆರಳಿಗೆ ಕರೆಂಟ್ ಹೊಡೆದ ಹಾಗಾಯ್ತು."

"ಒಳ್ಳೆಯದೇ ಅಕ್ಕ, ನರ ಸಿಕ್ಕಿತು ಅಂತ ಅರ್ಥ."

ಸಿರಿಂಜ್ ಹಿಡಿದಿದ್ದ ನರ್ಸ್ ತಡೆದರು. "ಗಟ್ಟಿ ಉಂಟು ಸರ್, ಮದ್ದು ಹೋಗುವುದಿಲ್ಲ."

"ಒತ್ತಿ" ಎಂದೆ.

ಪರದೆಯಲ್ಲಿ ಒಂದು ಮೊಗ್ಗು ಊದಿಕೊಂಡಿತು. ನರದ ಸುತ್ತ ಹರಡಬೇಕಾದ ಮದ್ದು ನರದ ಒಳಗೇ ನುಗ್ಗುತ್ತಿತ್ತು. ನೋಡಿದೆ — ನೋಡಿಯೂ ಸೂಜಿಯನ್ನು ಹಿಂದಕ್ಕೆಳೆಯಲಿಲ್ಲ.

ಆಪರೇಷನ್ ಮುಗಿದು ಮರುದಿನ ಕೈ ಎಚ್ಚೆತ್ತಿತು; ಕಿರುಬೆರಳು, ಉಂಗುರದ ಬೆರಳು ಮಾತ್ರ ಏಳಲೇ ಇಲ್ಲ. "ಇದು ಎಂತ ಡಾಕ್ಟ್ರೆ?" ಎಂದಿರಿ. "ಬಿದ್ದ ಪೆಟ್ಟು ಅಕ್ಕ, ನರಕ್ಕೂ ತಾಗಿದೆ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಈಗಲೂ ಪರದೆ ಬೆಳಗಿದಾಗಲೆಲ್ಲ, ಯಾರ ಕೊರಳೇ ಇರಲಿ, ಅದೇ ಮೊಗ್ಗು ಊದಿಕೊಳ್ಳುತ್ತದೆ. ಕಣ್ಣು ಮಿಟುಕಿಸಿ ಮತ್ತೆ ನೋಡುತ್ತೇನೆ — ಇಲ್ಲ, ಊದಿಲ್ಲ.

ಮೊನ್ನೆ ಕಾಪುವಿನ ಮದುವೆಮನೆಯಲ್ಲಿ ಸಿಕ್ಕಿದಿರಿ. ನನ್ನ ಕಂಡು ಅದೇ ನಗು.

"ಬಾಳೆನಾರು ಹಿಡಿದದ್ದೇ ಗೊತ್ತಾಗುವುದಿಲ್ಲ ಡಾಕ್ಟ್ರೆ, ಜಾರಿ ಹೋಗ್ತದೆ. ಈಗ ಸೊಸೆ ಕಟ್ಟುವುದು, ನಾನು ಮೊಗ್ಗು ಹೆಕ್ಕಿ ಕೊಡುವುದು. ಮೆಟ್ಟಿಲು ನೋಡಿ ಇಳಿಯಬೇಕಿತ್ತು ನಾನು. ನನ್ನದೇ ತಪ್ಪು, ಅಲ್ವಾ?"

ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ — ನಿಮ್ಮ ಮುಖ ನೋಡಿಕೊಂಡೇ.

ಭಾನುವಾರ ಶಂಕರಪುರಕ್ಕೆ ಬರುತ್ತೇನೆ. ಇದನ್ನೇ ನಿಮ್ಮೆದುರು ಕುಳಿತು ಹೇಳುತ್ತೇನೆ. ನೀವು ಬೈದರೂ ಸರಿ, ದೂರು ಕೊಟ್ಟರೂ ಸರಿ — ಕೊಡಿ, ಕೊಡಬೇಕು. ಆದರೆ ಆ ಮೆಟ್ಟಿಲನ್ನು ಇನ್ನು ದೂರಬೇಡಿ, ನಿಮ್ಮನ್ನೂ. ಬಿದ್ದು ಮುರಿದದ್ದು ಮೂಳೆ ಮಾತ್ರ, ಅಕ್ಕ. ಅದು ಕೂಡಿಕೊಂಡಿತು.

ಬೆರಳು ತೆಗೆದವನು ನಾನು.