ಮೂರು ನಿಮಿಷ ಮೊದಲೇ ಹೇಳಿದ ಗೆಲುವು

ಆಕ್ಲೆಂಡಿನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನಾನು ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಮೈಸೂರಿನಲ್ಲಿ ಹತ್ತು ವರ್ಷ ನರ್ಸ್ ಆಗಿದ್ದವಳು ಇಲ್ಲಿ ಮತ್ತೆ ಕೋರ್ಸ್ ಮಾಡಿ, ಪರೀಕ್ಷೆ ಬರೆದು, ಹೊಸಬಳಂತೆ ಎಲ್ಲರ ಮುಂದೆ ನಿಂತಿದ್ದೆ. ನನ್ನ ಇಂಗ್ಲಿಷ್ ಅರ್ಥವಾಗದೆ ಜನ ಹುಬ್ಬು ಗಂಟಿಕ್ಕಿದರೆ ಆ ದಿನವೆಲ್ಲ ಊಟ ಸೇರುತ್ತಿರಲಿಲ್ಲ. ಯಾರಾದರೂ ಮೆಚ್ಚಿ ಒಂದು ಮಾತಾಡಿದರೆ ನಮ್ಮ ಮನೆಯಿದ್ದ ನ್ಯೂ ಲಿನ್‌ಗೆ ಹೋಗುವ ರೈಲಿನಲ್ಲಿ ಅದನ್ನೇ ನೆನೆಸಿಕೊಳ್ಳುತ್ತಿದ್ದೆ.

ಹಾಗೆ ಮೊದಲು ಮೆಚ್ಚಿದವರು ಆರನೇ ಹಾಸಿಗೆಯ ಅಮೆರಿಕನ್ ಮುದುಕರು. ನಲವತ್ತು ವರ್ಷದ ಹಿಂದೆ ಇಲ್ಲಿಯ ಹುಡುಗಿಯನ್ನು ಮದುವೆಯಾಗಿ ಬಂದು, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು. ಹೆಂಡತಿ ತೀರಿಕೊಂಡಿದ್ದರು. ಮಗಳು ದೂರದ ದಕ್ಷಿಣದ ಡುನೆಡಿನ್‌ನಲ್ಲಿ, ಅಣ್ಣ ಅಮೆರಿಕದಲ್ಲಿ. ಮೊಣಕಾಲಿಗೆ ಹಾಕಿದ್ದ ಕೃತಕ ಕೀಲಿಗೆ ಸೋಂಕು ತಗಲಿ, ಎರಡು ಸಲ ಆಪರೇಷನ್ ಮಾಡಿ ತೊಳೆದಿದ್ದರೂ ವಾಸಿಯಾಗದೆ, ಕ್ರಿಸ್ಮಸ್ಸಿಗೆ ಮೊದಲಿನಿಂದ ನಮ್ಮ ವಾರ್ಡಿನಲ್ಲೇ ಇದ್ದರು.

ಅವರ ಹುಟ್ಟೂರಿನ ಫುಟ್‌ಬಾಲ್ ತಂಡ ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ. ಪಂದ್ಯ ನಡೆಯುವ ಅಮೆರಿಕದ ಭಾನುವಾರ ನಮಗೆ ಸೋಮವಾರ. ಬೆಳಗಿನ ಪಾಳಿಯಿದ್ದಾಗ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಡಿನ ತುದಿಯ ಟೀವಿ ಕೋಣೆಗೆ ತಳ್ಳಿಕೊಂಡು ಹೋಗುತ್ತಿದ್ದೆ. ಫುಟ್‌ಬಾಲ್ ಅನ್ನುತ್ತಾರೆ, ಆದರೆ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರಲ್ಲ ಎಂದು ಕೇಳಿದ್ದಕ್ಕೆ ಅವರು ನಕ್ಕು, ಊಟದ ಮೆನು ಕಾಗದದ ಹಿಂಬದಿಯಲ್ಲಿ ಮೈದಾನ ಬರೆದು ತೋರಿಸಿದರು. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಗೆರೆಯಾಚೆ ಹೋದರೆ ಗಡಿಯಾರ ನಿಲ್ಲುತ್ತದೆ, ಹಿಡಿಯುವವನ ಕೈತಪ್ಪಿ ನೆಲಕ್ಕೆ ಬಿದ್ದರೂ ನಿಲ್ಲುತ್ತದೆ. ಹಾಗಾಗಿ ಕೊನೆಯ ಮೂರು ನಿಮಿಷವೆಂದರೆ ಅರ್ಧ ಗಂಟೆಯೂ ಆಗಬಹುದು, ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು ಎಂದು ಅವರೇ ಹೇಳಿಕೊಟ್ಟಿದ್ದರು. ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವ ಹಾಗಿಲ್ಲ.

ಫೆಬ್ರವರಿಯಲ್ಲಿ ಫೈನಲ್ ಬಂತು. ಅದನ್ನೂ ಗೆದ್ದರೆ ಇಡೀ ವರ್ಷ ಸೋಲೇ ಇಲ್ಲದ ತಂಡ. ಆದರೆ ಅದೇ ಸೋಮವಾರ ಮಧ್ಯಾಹ್ನ ಅವರ ಮೂರನೇ ಆಪರೇಷನ್. ಮುಂದೂಡಲು ಕೇಳಿ ನೋಡಿದರು, ಆಗಲಿಲ್ಲ. ಕೊನೆಗೆ ಭಾನುವಾರ ನನ್ನನ್ನು ಕರೆದು, ಮಧ್ಯದಲ್ಲಿ ಏನಾಗುತ್ತಿದೆ ಎಂದು ಹೇಳುವುದು ಬೇಡ, ಪಂದ್ಯ ಮುಗಿದ ಮೇಲೆ ಮಾತ್ರ ಹೇಳಬೇಕು, ಅದೂ ನೀವೇ ಹೇಳಬೇಕು ಎಂದರು. ನಾನು ಮಾತು ಕೊಟ್ಟೆ.

ಸೋಮವಾರ ನನಗೆ ಮಧ್ಯಾಹ್ನದ ಪಾಳಿ. ಮೂರೂವರೆ ದಾಟಿದ ಮೇಲೆ ಒಂದು ನಿಮಿಷ ಬಿಡುವು ಮಾಡಿಕೊಂಡು ಟೀವಿ ಕೋಣೆಗೆ ಓಡಿದೆ. ಅವರ ತಂಡ ಆಗತಾನೆ ಅಂಕ ಗಳಿಸಿ ಮುಂದಾಗಿತ್ತು. ಪರದೆಯ ಮೂಲೆಯಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿರುವುದು ಕಾಣುತ್ತಿತ್ತು. ಅಷ್ಟರಲ್ಲಿ ಆರನೇ ಹಾಸಿಗೆಯವರು ವಾಪಸ್ ಬಂದರೆಂದು ಪಾಳಿಯ ಉಸ್ತುವಾರಿ ನೋಡುವ ಚಾರ್ಜ್ ನರ್ಸ್ ಕೂಗಿದರು.

ಹೋಗಿ ಬಿ.ಪಿ. ನೋಡುತ್ತಿದ್ದಾಗ ಮುದುಕರು ಕಣ್ಣು ಬಿಟ್ಟರು. ತುಟಿ ಒಣಗಿತ್ತು. ನನ್ನ ಮುಖವನ್ನೇ ನೋಡಿದರು. ಇನ್ನೂ ಮುಗಿದಿಲ್ಲ ಎಂದರೆ ಸಾಕಿತ್ತು. ಆದರೆ ಆ ಮುಖದಲ್ಲಿ ಸಂತೋಷ ತರಿಸುವವಳು ನಾನೇ ಆಗಬೇಕೆಂದು ಅನ್ನಿಸಿಬಿಟ್ಟಿತು. “ನಿಮ್ಮವರು ಗೆದ್ದರು” ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಅತ್ತರು.

ಐದು ಗಂಟೆಯ ಹೊತ್ತಿಗೆ ಡಾಕ್ಟರು ಬಂದರು. ಹುಬ್ಬಳ್ಳಿಯಲ್ಲಿ ಓದಿ ಬಂದಿದ್ದ ಹುಡುಗ. ನಾವಿಬ್ಬರೇ ಇದ್ದಾಗ ಕನ್ನಡದಲ್ಲೇ ಮಾತಾಡುತ್ತಿದ್ದರು.

“ಸಿಸ್ಟರ್, ಆರನೇ ಬೆಡ್ಡಿನ ಅಜ್ಜಾರು ಸ್ವಲ್ಪ ಕನ್‌ಫ್ಯೂಸ್ ಆಗ್ಯಾರ್ರಿ. ತಮ್ಮ ಟೀಮ್ ಗೆದ್ದೈತಿ ಅಂತ ಹೇಳಾಕತ್ತಾರ. ಕಡೀ ನಿಮಿಷದಾಗ ಸೋತೈತಿ ಅದು, ನಾನ ನೋಡೇನಿ.”

ಡಾಕ್ಟರು ಹೇಳುತ್ತಲೇ ಹೋದರು. ಮುದುಕರು ಮೊಬೈಲಿನಲ್ಲಿ ಅಮೆರಿಕದ ಅಣ್ಣನಿಗೆ ಫೋನ್ ಮಾಡಿ ಗೆದ್ದೆವು ಎಂದಿದ್ದಾರೆ. ಆ ಅಣ್ಣ ಹೆದರಿ ವಾರ್ಡಿಗೇ ಫೋನ್ ಮಾಡಿ, ತಮ್ಮನ ತಲೆ ಸರಿಯಿದೆಯೇ ಎಂದು ಕೇಳಿದ್ದಾರೆ. ನೋವಿಗೆ ಕೊಡುತ್ತಿದ್ದ ಮಾರ್ಫಿನ್ ಜಾಸ್ತಿಯಾಗಿರಬೇಕು, ಕಡಿಮೆ ಮಾಡೋಣ ಎಂದು ಡಾಕ್ಟರು ಚಾರ್ಟಿನಲ್ಲಿ ಬರೆದರು.

ಅಷ್ಟರಲ್ಲಿ ಚಾರ್ಜ್ ನರ್ಸ್ ಪಕ್ಕಕ್ಕೆ ಬಂದು ನಿಂತರು. ವೀಸಾ, ಹೊಸ ಕೆಲಸ, ಪೇಷೆಂಟಿಗೆ ಸುಳ್ಳು ಹೇಳಿದ ನರ್ಸ್ ಎನ್ನುವ ಹೆಸರು, ಎಲ್ಲ ಒಟ್ಟಿಗೆ ತಲೆಯಲ್ಲಿ ಓಡಿದವು. “ಹೌದಾ” ಎಂದಷ್ಟೇ ಹೇಳಿ ಬದಲಾದ ಔಷಧಿಯ ಪ್ರಮಾಣವನ್ನು ನನ್ನ ಕೈಯಾರೆ ಗುರುತು ಹಾಕಿಕೊಂಡೆ. ಪಾಳಿ ಮುಗಿಯುವವರೆಗೆ ಆರನೇ ಹಾಸಿಗೆಯ ಕೆಲಸವನ್ನು ಬೇರೆ ನರ್ಸ್‌ಗೆ ದಾಟಿಸಿದೆ.

ಮರುದಿನ ಮಧ್ಯಾಹ್ನ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಎಲ್ಲ ಗೊತ್ತಾಯಿತು. ರಾತ್ರಿಯೆಲ್ಲ ಅವರು ನೋವಿನಿಂದ ನರಳಿದ್ದಾರೆ. ತಂಡ ಸೋತದ್ದನ್ನು ಬೆಳಿಗ್ಗೆ ಯಾರೋ ಹೇಳಿದಾಗ, ನರ್ಸ್ ಹೇಳಿದ್ದಳಲ್ಲ ಎಂದಿದ್ದಾರೆ. ಎಲ್ಲರೂ ಮಗುವನ್ನು ಸಮಾಧಾನ ಮಾಡುವಂತೆ ಮುಗುಳ್ನಕ್ಕಿದ್ದಾರೆ. ಆಮೇಲೆ ಮಾತೇ ಬಿಟ್ಟಿದ್ದಾರೆ.

ಔಷಧಿ ಕೊಡಲು ಹೋದಾಗ ಅವರ ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. ಅವರ ತಂದೆ ಕೊನೆಗಾಲದಲ್ಲಿ ಮಕ್ಕಳ ಗುರುತೂ ಹಿಡಿಯದೆ ಹೋದದ್ದನ್ನು ನನಗೆ ಹಿಂದೆ ಹೇಳಿದ್ದರು.

“ಒಂದು ಕೇಳಲಾ?” ಎಂದರು. “ನೀವು ನಿಜವಾಗಿ ಹೇಳಿದಿರಾ, ಇಲ್ಲ ನಾನೇ ಕಲ್ಪಿಸಿಕೊಂಡೆನಾ?”

ಡ್ರಿಪ್ ಬದಲಾಯಿಸಬೇಕು, ಈಗ ಬಂದೆ ಎಂದು ಹೇಳಿ ಹೊರಗೆ ಬಂದುಬಿಟ್ಟೆ. ಬಟ್ಟೆ ಇಡುವ ಕೋಣೆಯಲ್ಲಿ ಹಾಸಿಗೆ ಹೊದಿಕೆಗಳ ಮಧ್ಯೆ ಹತ್ತು ನಿಮಿಷ ನಿಂತಿದ್ದೆ. ಸುಳ್ಳು ಹೇಳಿದ್ದಕ್ಕಿಂತ ಆ ಹತ್ತು ನಿಮಿಷಕ್ಕೆ ಇವತ್ತಿಗೂ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಒಂದು ಮಾತಿನಿಂದ ಹೋಗಬಹುದಾಗಿದ್ದ ಭಯವನ್ನು ಅವರ ಎದೆಯ ಮೇಲೆ ಬಿಟ್ಟು ಬಂದಿದ್ದೆ.

ವಾಪಸ್ ಹೋಗಿ ಹೇಳಿದೆ. ನೀವು ಕಲ್ಪಿಸಿಕೊಂಡಿಲ್ಲ, ಹೇಳಿದ್ದು ನಾನೇ, ಪಂದ್ಯ ಮುಗಿದಿರಲಿಲ್ಲ. ಅವರು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಎಷ್ಟು ಹೊತ್ತು ಉಳಿದಿತ್ತು ಎಂದು ಕೇಳಿದರು. ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ ಎಂದೆ.

“ಅದನ್ನು ನಿಮಗೆ ಕಲಿಸಿದ್ದೆ” ಎಂದು ಮೆಲ್ಲಗೆ ಹೇಳಿ ಗೋಡೆಯ ಕಡೆ ತಿರುಗಿದರು.

ಅಲ್ಲಿಂದ ನೇರವಾಗಿ ಡಾಕ್ಟರ ಹತ್ತಿರ ಹೋದೆ. “ಡಾಕ್ಟ್ರೇ, ಅವ್ರಿಗೆ ಏನೂ ಕನ್‌ಫ್ಯೂಷನ್ ಇಲ್ಲ. ಗೆದ್ರು ಅಂತ ಹೇಳಿದ್ದು ನಾನೇ.”

“ನಿನ್ನಿ ನಾ ಹೇಳಿದಾಗ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಅವರು ಚಾರ್ಟನ್ನು ಎಳೆದುಕೊಂಡರು. “ಒಂದು ದಿನ ಪೂರಾ ನೋವು ತಿಂದಾರ್ರಿ ಅವರು” ಎಂದು ಹೇಳಿ, ಔಷಧಿಯನ್ನು ಮೊದಲಿನಂತೆ ಬರೆದು ಎದ್ದು ಹೋದರು. ಅದಾದ ಮೇಲೆ ಅವರು ನನ್ನೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಿದರು.

ಚಾರ್ಜ್ ನರ್ಸ್ ನನ್ನಿಂದ ಎಲ್ಲವನ್ನೂ ಬರೆಸಿಕೊಂಡರು. ಬೈಯಲಿಲ್ಲ. ಕೆಲಸವೂ ಹೋಗಲಿಲ್ಲ. ನಾನು ಹೆದರಿದ್ದ ಯಾವುದೂ ಆಗಲಿಲ್ಲ, ಆಗಿದ್ದೆಲ್ಲ ಆ ಮುದುಕರಿಗೆ. ಮಾರ್ಚಿನಲ್ಲಿ ಮಗಳು ಬಂದು ಅವರನ್ನು ಕರೆದುಕೊಂಡು ಹೋದಳು. ಅಲ್ಲಿಯವರೆಗೂ ನನ್ನ ಜೊತೆ ಮರ್ಯಾದೆಯಿಂದಲೇ ಇದ್ದರು, ಔಷಧಿ ಕೊಟ್ಟಾಗಲೆಲ್ಲ ಥ್ಯಾಂಕ್ಸ್ ಹೇಳಿದರು. ಆಟದ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ.

ಗಂಡನಿಗೆ ಇದನ್ನು ಹೇಳಲು ನನಗೆ ಆರು ತಿಂಗಳು ಬೇಕಾಯಿತು. ಒಂದು ಭಾನುವಾರ ಏವನ್‌ಡೇಲ್ ಮಾರ್ಕೆಟ್ಟಿನಿಂದ ತರಕಾರಿ ತರುವಾಗ ಕಾರಿನಲ್ಲಿ ಹೇಳಿದೆ. “ಅಷ್ಟೇನಾ?” ಎಂದು ಅವರು ಜೋರಾಗಿ ನಕ್ಕರು. ನೋವಿನ ಭಾಗವನ್ನು ನಾನು ಸರಿಯಾಗಿ ಹೇಳಿರಲಿಲ್ಲ, ಅದಕ್ಕೆ ಅವರನ್ನು ದೂರುವಂತಿಲ್ಲ. ಕೆಲವು ವಾರಗಳ ನಂತರ ಬಾಟನಿ ಡೌನ್ಸ್‌ನಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆವು. ಯಾರೋ ಕ್ರಿಕೆಟ್ ಮಾತು ತೆಗೆದಾಗ ನನ್ನ ಗಂಡ ತಟ್ಟೆ ಹಿಡಿದುಕೊಂಡೇ ಶುರು ಮಾಡಿದರು.

“ನಮ್ಮನೆಯವ್ಳು ಮ್ಯಾಚ್ ಮುಗಿಯೋಕ್ ಮುಂಚೇನೇ ಕಪ್ ಕೊಟ್ಬಿಟ್ಟಿದ್ಲು ಗೊತ್ತಾ?”

ಎಲ್ಲರೂ ಬಿದ್ದುಬಿದ್ದು ನಕ್ಕರು. ಆಮೇಲೆ ಆ ಅಂಕಲ್ ಏನಂದ್ರು ಎಂದು ಒಬ್ಬಾಕೆ ನನ್ನನ್ನು ಕೇಳಿದಳು. ಏನೂ ಅನ್ನಲಿಲ್ಲ, ತುಂಬ ಒಳ್ಳೆಯವರು ಎಂದೆ. ಅವರೆಲ್ಲರ ಜೊತೆ ನಾನೂ ನಕ್ಕೆ.